ಕುಕ್ಕರಗಾಲಲ್ಲಿ ಕೂತವನು ಕೂತಿದ್ದಾನೆಯೇ?

ಈ ಸಲದ ಮಳೆಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದ ಮೇಲೆ ನನ್ನ ಹಳೆಯ ಆಲ್ಟೊ ಕಾರು ನೋಡುವ ಹಾಗಿರಲಿಲ್ಲ. ಚಕ್ರಗಳ ಹಿಂದೆ, ಬಾಗಿಲುಗಳ ಕೆಳಗೆ ಎರಿಮಣ್ಣು ಮೆತ್ತಿಕೊಂಡು, ಒಣಗಿ, ಹಪ್ಪಳದ ಹಾಗೆ ಎದ್ದಿತ್ತು. ಸವದತ್ತಿಯ ಎರಿಮಣ್ಣು ಹಸಿಯಿದ್ದಾಗ ಕಾಲಿನ ಚಪ್ಪಲಿಯನ್ನು ಬಿಡುವುದಿಲ್ಲ, ಒಣಗಿದ ಮೇಲೆ ಕಾರಿನ ಬಣ್ಣವನ್ನು ಬಿಡುವುದಿಲ್ಲ. ಹಾಗೇ ಬಟ್ಟೆಯಿಂದ ಉಜ್ಜಿದರೆ ಒಳಗಿರುವ ಹರಳು ಬಣ್ಣದ ಮೇಲೆ ಗೀರೆಳೆಯುತ್ತದೆ. ಮೊದಲು ನೀರು ಹಾಕಿ ನೆನೆಸಬೇಕು, ಆಮೇಲೆ ತೊಳೆಯಬೇಕು, ಒಣಗಿದ ಮೇಲೆ ಪಾಲಿಶ್ ಹಚ್ಚಬೇಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಇಷ್ಟೇ: ಎಲ್ಲಿ ಕೂರುವುದು?

ಟಾಪು, ಬಾನೆಟ್ಟು, ಕಿಟಕಿಯ ಸುತ್ತಲಿನ ಜಾಗ ನಿಂತುಕೊಂಡೇ ಮುಗಿಯಿತು. ಬಾಗಿಲಿನ ಹಿಡಿಕೆಯಿಂದ ಕೆಳಗೆ ಇಳಿದಾಗ ತೊಂದರೆ ಶುರುವಾಯಿತು. ಈ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ 160 ಮಿಲಿಮೀಟರು, ಅಂದರೆ ಒಂದು ಗೇಣಿಗಿಂತ ಕಡಿಮೆ. ಬಾಗಿಲ ಕೆಳಗಿನ ಪಟ್ಟಿ ಇರುವುದು ಅಲ್ಲಿಗೆ ತುಸು ಮೇಲೆ. ಮೊದಲು ನಿಂತಲ್ಲೇ ಬಗ್ಗಿದೆ. ಎರಡು ನಿಮಿಷಕ್ಕೆ ಸೊಂಟ ಮಾತಾಡಿತು. ಕುಕ್ಕರಗಾಲಲ್ಲಿ ಕೂತೆ; ಪಾದ ಜೋಮು ಹಿಡಿಯಿತು. ಮೊಣಕಾಲೂರಿದೆ, ಸಿಮೆಂಟಿನ ನೆಲದ ಮೇಲಿನ ಸಣ್ಣ ಕಲ್ಲು ಚಿಪ್ಪಿನೊಳಗೆ ಹೋದಂತಾಯಿತು. ಚಕ್ಕಳಮಕ್ಕಳ ಹಾಕಿದರೆ ಮೊಣಕಾಲೇ ಬಾಗಿಲಿಗೆ ತಾಗಿ ಕೈ ಓಡದು, ಮುಂದೆ ಸರಿಯಬೇಕೆಂದರೆ ಪ್ರತಿ ಸಲ ಏಳಬೇಕು. ಕೊನೆಗೆ ಗೋಣಿತಟ್ಟು ಹಾಸಿ ಮಗ್ಗುಲಾಗಿ ಮಲಗಿದೆ. ಮಗಳು ಬಾಗಿಲಲ್ಲಿ ನಿಂತು, 'ಪಪ್ಪಾ, ಬಿದ್ದಿ ಏನ?' ಎಂದಳು.

ಹಾಗೆ ಮಲಗಿದ್ದಾಗ ಕಾಕಾ ನೆನಪಾದರು. ಇಪ್ಪತ್ತು ವರ್ಷದಿಂದ ಅವರನ್ನು ನೆನೆದಿರಲಿಲ್ಲ.

ನಾನು ಬಿ.ಎ. ಓದುವಾಗ ನಮ್ಮಣ್ಣ ಗುಡ್ಡದ ರಸ್ತೆಯಲ್ಲಿ ಗಾಡಿ ತೊಳೆಯುವ ಅಂಗಡಿ ಹಾಕಿದ. ಅಂಗಡಿ ಎಂದರೆ ಒಂದು ತಗಡಿನ ಚಪ್ಪರ, ನೀರಿನ ಟಾಕಿ, ಪಂಪು, ಇಳಿಜಾರು ಮಾಡಿದ ಸಿಮೆಂಟಿನ ಅಂಗಳ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂದರೆ ಕೈಗೆ ಬಿಡುವಿರುತ್ತಿರಲಿಲ್ಲ. ಚಕ್ಕಡಿಯಲ್ಲಿ ಬರುವವರು ಬರುತ್ತಲೇ ಇದ್ದರು, ಅವರ ಪಕ್ಕದಲ್ಲೇ ಮಹಾರಾಷ್ಟ್ರದ ನಂಬರಿನ ಕಾರು, ಜೀಪುಗಳ ಸಾಲು. ಗುಡ್ಡ ಇಳಿದು ಬಂದ ಗಾಡಿಗಳ ಮೈತುಂಬ ಭಂಡಾರ. ಬಿಳಿ ಕಾರಿನ ಮೇಲೆ ಭಂಡಾರದ ಕಲೆ ಉಳಿದರೆ ಗಿರಾಕಿ ಗಾಬರಿಯಾಗುತ್ತಿದ್ದ. ಅರಿಷಿಣದ ಹಳದಿ ಬಿಸಿಲಿಗೆ ತಾನಾಗಿ ಮಾಸುತ್ತದೆ, ತಿಕ್ಕಬೇಡ ಎಂದು ನಮಗೆ ಹೇಳಿಕೊಟ್ಟವರು ಕಾಕಾ. ಐವತ್ತು ದಾಟಿದ ಮನುಷ್ಯ. ರಾಮದುರ್ಗದ ಕಡೆಯವರು, ಕುಣಿಮಗ್ಗದಲ್ಲಿ ಸೀರೆ ನೇಯ್ದವರು. ಮಗ್ಗ ನಿಂತ ಮೇಲೆ ಸಿಕ್ಕ ಕೆಲಸ ಮಾಡುತ್ತ ನಮ್ಮಲ್ಲಿಗೆ ಬಂದಿದ್ದರು.

ನೇಕಾರನ ಕಣ್ಣು ಅವರದು. ಕಾರಿನ ಕೆಳಗಿನ ಪಟ್ಟಿಯನ್ನು ಅವರು ಓರೆಯಾಗಿ, ಬೆಳಕಿಗೆ ಎದುರಾಗಿ ನೋಡುತ್ತಿದ್ದರು. ಎಳೆ ತಪ್ಪಿದ್ದನ್ನು ಹುಡುಕುವ ಹಾಗೆ. ನಾವು ಹುಡುಗರು ತೊಳೆದ ಗಾಡಿಗಳಲ್ಲಿ ಹಿಡಿಕೆಯ ತನಕ ಮುಖ ಕಾಣುವ ಹೊಳಪು, ಅದರ ಕೆಳಗೆ ಮಂಕು. ಇವತ್ತಿಗೂ ಯಾವ ಊರಿನಲ್ಲಾದರೂ ಅವಸರದಲ್ಲಿ ತೊಳೆದ ಕಾರನ್ನು ನೋಡಿ, ಆ ಗೆರೆ ಕಾಣುತ್ತದೆ. ಅದು ಸೋಮಾರಿತನದ ಗೆರೆ ಎಂದು ಗಿರಾಕಿಗಳು ಬೈಯುತ್ತಾರೆ. ತೊಳೆದವನ ಮೊಣಕಾಲು ಸೋತ ಎತ್ತರ ಅದು ಎಂದು ನನಗೆ ತಿಳಿದದ್ದು ಮೊನ್ನೆ ಭಾನುವಾರ.

ಒಂದು ದಿನ ಕಾಕಾ ಒಂದು ಮಣೆ ಮಾಡಿಕೊಂಡು ಬಂದರು. ಯಾವುದೋ ಮುರಿದ ತಳ್ಳುಗಾಡಿಯ ನಾಲ್ಕು ಸಣ್ಣ ಗಾಲಿ, ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಮಡಚಿ ಮೊಳೆ ಹೊಡೆದ ಗೋಣಿತಟ್ಟು. ಎತ್ತರ ಒಂದು ಗೇಣು. ಅದರ ಮೇಲೆ ಕೂತು, ಕಾಲುಗಳನ್ನು ಅಗಲಿಸಿ ಮುಂದೆ ಚಾಚಿದರೆ ಬಾಗಿಲಿನ ಕೆಳಗಿನ ಅರ್ಧ ಎದೆಯ ಎದುರಿಗೆ ಬರುತ್ತಿತ್ತು. ಕೈ ಹೆಗಲಿಗಿಂತ ಮೇಲೆ ಏಳಬೇಕಿಲ್ಲ, ಬೆನ್ನು ಬಿಲ್ಲಾಗಬೇಕಿಲ್ಲ. ಮುಂದಿನ ಚಕ್ರ ಮುಗಿಯಿತೆಂದರೆ ಹಿಮ್ಮಡಿಯಿಂದ ನೆಲ ಒತ್ತಿದರೆ ಸಾಕು, ಹಿಂದಿನ ಚಕ್ರದ ತನಕ ಮಣೆಯೇ ಒಯ್ಯುತ್ತಿತ್ತು. 'ನಮ್ಮ ಮಗ್ಗದಾಗ ನೆಲಾನ ಕುರ್ಚಿ ಆಗಿತ್ತಪಾ. ಇಲ್ಲಿ ನೆಲಾ ಅಗಿಯಾಕ ಬರೂದಿಲ್ಲ, ಅದಕ್ಕ ಇದನ್ನ ಮಾಡೀನಿ' ಎಂದರು.

ಆ ಮಾತು ಆಗ ನನಗೆ ಅರ್ಥವಾಗಿರಲಿಲ್ಲ. ಕುಣಿಮಗ್ಗವನ್ನು ನೋಡಿದವರಿಗೆ ಗೊತ್ತು: ನೇಕಾರ ನೆಲದ ಅಂಚಿಗೆ ಕೂರುತ್ತಾನೆ, ಕಾಲುಗಳು ಕುಣಿಯೊಳಗೆ ಇಳಿದು ತುಳಿಗೆಗಳನ್ನು ಮೆಟ್ಟುತ್ತವೆ, ಹಾಸು ತೊಡೆಯ ಮೇಲೆಯೇ ಹರಿದಂತಿರುತ್ತದೆ. ಮಗ್ಗವನ್ನು ಎತ್ತರಿಸಲು ಮರ ಬೇಕು, ಹಣ ಬೇಕು. ನೆಲ ತಗ್ಗಿಸಲು ಸಲಿಕೆ ಸಾಕು. ಬಡವರು ಕಂಡುಕೊಂಡ ಆಸನ ಅದು. ಹಾಗೆಂದು ಅದು ಸುಖಾಸನವೇನಲ್ಲ. ಸೊಂಟ ಹಿಡಿಯುತ್ತಿತ್ತು, ಮಳೆಗಾಲದಲ್ಲಿ ಕುಣಿಯಲ್ಲಿ ತೇವ ನಿಲ್ಲುತ್ತಿತ್ತು ಎಂದು ಕಾಕಾನೇ ಹೇಳುತ್ತಿದ್ದರು. ಆದರೆ ಅಲ್ಲಿ ಒಂದು ವಿಚಾರ ಇತ್ತು. ಕೆಲಸವನ್ನೂ ಮೈಯನ್ನೂ ಒಂದೇ ಎತ್ತರಕ್ಕೆ ತರುವುದು ಕೆಲಸದ್ದೇ ಭಾಗ, ಕೆಲಸ ತಪ್ಪಿಸುವ ಉಪಾಯವಲ್ಲ ಎಂಬ ವಿಚಾರ.

ನಮ್ಮ ಅಂಗಡಿಯಲ್ಲಿ ಆ ವಿಚಾರ ನಾಲ್ಕು ದಿನವೂ ಬಾಳಲಿಲ್ಲ. ದೊಡ್ಡ ಗಾಡಿಯ ಗಿರಾಕಿಯೊಬ್ಬರು ಕಾಕಾನನ್ನು ನೋಡಿ ನಕ್ಕು, 'ಏನ್ರಿ, ನಿಮ್ಮ ಆಳು ಆರಾಮ ಕುಂತಾನಲ್ರಿ, ಚಾ ತರಸ್ಲೇನು?' ಎಂದರು. ಚೇಷ್ಟೆಯ ಮಾತು. ಅಣ್ಣನೂ ನಕ್ಕ. ಆದರೆ ಅವರು ಹೋದ ಮೇಲೆ, 'ಕಾಕಾ, ಅದನ್ನ ತಗದಿಡ್ರಿ. ಮಂದಿ ನೋಡಿದ್ರ ಬರೊಬ್ಬರಿ ಕಾಣೂದಿಲ್ಲ' ಎಂದ. ಕಾಕಾ ಏನೂ ಅನ್ನಲಿಲ್ಲ. ಮಣೆಯನ್ನು ಚಪ್ಪರದ ಕಂಬಕ್ಕೆ ಒರಗಿಸಿ ಮತ್ತೆ ಕುಕ್ಕರಗಾಲಲ್ಲಿ ಕೂತರು.

ನಾನು ಆಗ ಎಲ್ಲಿದ್ದೆ? ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ರಶೀದಿ ಬರೆಯುತ್ತಿದ್ದೆ. ಕಾಲೇಜಿನಲ್ಲಿ ವಚನಗಳ ಮೇಲೆ ಪ್ರಬಂಧ ಬರೆದು ಬಹುಮಾನ ಪಡೆದ ವರ್ಷವೂ ಅದೇ. ಮರುದಿನ ಆ ಮಣೆ ಕಂಬದ ಬಳಿ ಬಿದ್ದಿತ್ತು; ಎಳೆದುಕೊಂಡು ಮೇಜಿನ ಕೆಳಗಿಟ್ಟು ಅದರ ಮೇಲೆ ಕಾಲಿಟ್ಟುಕೊಂಡೆ. ಗಾಲಿ ಇದ್ದದ್ದರಿಂದ ಕಾಲಾಡಿಸಲು ಚೆನ್ನಾಗಿತ್ತು. ಕಾಕಾ ರಶೀದಿ ಪುಸ್ತಕ ಕೇಳಲು ಬಂದಾಗ ನೋಡಿದರು. ನೋಡಿದ್ದು ನನಗೂ ಗೊತ್ತಾಯಿತು. ಕಾಲು ತೆಗೆಯಲಿಲ್ಲ.

ಅಣ್ಣನನ್ನು ದುಷ್ಟ ಎನ್ನಲಾರೆ. ಅವನೂ ಬೆಳಗಿನಿಂದ ಸಂಜೆಯವರೆಗೆ ಅದೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಚಕ್ರ ತಿಕ್ಕಿದವನು. ಆಮೇಲೆ ಒಮ್ಮೆ ನಾನು ಈ ಮಾತು ಎತ್ತಿದಾಗ ಅವನು ಹೇಳಿದ್ದು, 'ನಾನೂ ಹಂಗ ಮಾಡೀನಲ್ಲೋ, ನಾ ಏನ್ ಸತ್ತೀನಿ?' ನಮ್ಮಲ್ಲಿ ಈ ವಾದಕ್ಕೆ ಬಹಳ ಮರ್ಯಾದೆ ಇದೆ. ಅತ್ತೆ ಸೊಸೆಗೆ, ಹಿರಿಯ ಗುಮಾಸ್ತ ಕಿರಿಯನಿಗೆ, ಹಾಸ್ಟೆಲಿನ ಹಳಬ ಹೊಸಬನಿಗೆ ಹೇಳುವುದು ಇದನ್ನೇ. ನಾನು ನೋವು ತಿಂದಿದ್ದೇನೆ, ಆದ್ದರಿಂದ ಆ ನೋವು ನ್ಯಾಯ. ಆದರೆ ನಾನು ತಿಂದದ್ದು ನೋವು ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಇನ್ನೊಬ್ಬ ತಿನ್ನಬೇಕೆಂಬುದಕ್ಕೆ ಅಲ್ಲ. ಇಷ್ಟು ಸರಳವಾದದ್ದು ನಮಗೆ ಹೊಳೆಯುವುದಿಲ್ಲ, ಏಕೆಂದರೆ ಹೊಳೆದರೆ ನಮ್ಮ ನೋವೂ ಬೇಕಿರಲಿಲ್ಲವೆಂದು ಒಪ್ಪಬೇಕಾಗುತ್ತದೆ.

ಇನ್ನೊಂದು ವಾದ ಹೆಚ್ಚು ಜಾಣತನದ್ದು. ನಮ್ಮ ಜನಕ್ಕೆ ಕುಕ್ಕರಗಾಲು ಸಹಜ, ಬಸ್ ಸ್ಟ್ಯಾಂಡಿನಲ್ಲಿ ಮುದುಕರು ಗಂಟೆಗಟ್ಟಲೆ ಹಾಗೆ ಕೂರುತ್ತಾರೆ, ಅವರಿಗೇನು ತ್ರಾಸು ಎಂಬುದು. ಸಹಜವೇ ಇರಬಹುದು. ಲಾಹೋರಿನ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ ಎಂಬವರು 1893ರಲ್ಲಿ ಪಂಜಾಬಿಗಳ ಕಾಲೆಲುಬುಗಳ ಬಗ್ಗೆ ಬರೆದರು. ಕುಕ್ಕರಗಾಲಲ್ಲಿ ಕೂತು ಬಾಳಿದವರ ಹಿಮ್ಮಡಿಯ ಕೀಲಿನ ಎಲುಬುಗಳಲ್ಲಿ ಒಂದಕ್ಕೊಂದು ತಾಗುವ ಚಪ್ಪಟೆ ಗುರುತುಗಳಿರುತ್ತವೆ. ಕುರ್ಚಿಯ ಯುರೋಪಿಯನ್ನರಲ್ಲಿ ಅವು ಸಾಮಾನ್ಯವಾಗಿ ಕಾಣುವುದಿಲ್ಲ. ಕೂರುವ ರೀತಿ ಎಲುಬಿನ ಮೇಲೆ ಬರೆಯಲ್ಪಡುತ್ತದೆ ಎಂದಾಯಿತು. ಆದರೆ ಬಸ್ ಕಾಯುತ್ತ ಕೂತವನು ಬೇಕಾದಾಗ ಏಳುತ್ತಾನೆ, ಗೋಡೆಗೆ ಒರಗುತ್ತಾನೆ, ಎಲೆ ಅಡಿಕೆ ಹಾಕುತ್ತಾನೆ. ಕೈಯಲ್ಲಿ ಎರಡು ಮೂರು ಕಿಲೋ ತೂಕದ ಪಾಲಿಶ್ ಮಷಿನ್ ಹಿಡಿದು, ಮೈಭಾರವೆಲ್ಲ ಬೆರಳ ತುದಿಗೆ ಹಾಕಿ, ಏಡಿಯ ಹಾಗೆ ಅಡ್ಡಡ್ಡ ಸರಿಯುವವನ ಕುಕ್ಕರಗಾಲು ಬೇರೆ. ಎರಡಕ್ಕೂ ಹೆಸರು ಒಂದೇ, ಅಷ್ಟೆ.

ಕಾನೂನಿಗೂ ಈ ವ್ಯತ್ಯಾಸ ಕಂಡಂತಿಲ್ಲ. 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಂ, ನಿಂತು ಕೆಲಸ ಮಾಡಬೇಕಾದವರಿಗೆ ನಡುವೆ ದಣಿವಾರಿಸಿಕೊಳ್ಳಲು ಕೂರುವ ಏರ್ಪಾಡು ಇರಬೇಕು ಎಂದಿತು. ಅದೂ ಹತ್ತು ಜನ ಆಳಿಲ್ಲದ ನಮ್ಮಂಥ ಅಂಗಳಕ್ಕೆ ಬರುವ ಕಾಯ್ದೆಯಾಗಿರಲಿಲ್ಲ. ಕೇರಳದ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ದಿನವಿಡೀ ನಿಂತು ನಿಂತು ಸಾಕಾಗಿ, ಕೂರುವ ಹಕ್ಕಿಗಾಗಿ ಹೋರಾಡಿದರು. 2018ರಲ್ಲಿ ಅಲ್ಲಿಯ ಸರಕಾರ ಅಂಗಡಿ ಕಾಯ್ದೆಯನ್ನು ತಿದ್ದಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಓದಿ ಸಂತೋಷಪಟ್ಟಿದ್ದೆ, ತರಗತಿಯಲ್ಲೂ ಹೇಳಿದ್ದೆ. ಈಗ ಯೋಚಿಸಿದರೆ ಈ ಎಲ್ಲ ಮಾತಿನಲ್ಲಿ ಇರುವವರು ನಿಂತವರು. ಕುಕ್ಕರಗಾಲಲ್ಲಿರುವವನನ್ನು ಲೋಕ ಆಗಲೇ ಕೂತವನ ಲೆಕ್ಕಕ್ಕೆ ಹಾಕಿಬಿಟ್ಟಿದೆ. ಕಳೆ ಕೀಳುವ ಹೆಂಗಸು, ರಸ್ತೆಗೆ ಜಲ್ಲಿ ಹಾಸುವವನು, ಪಾತ್ರೆ ತಿಕ್ಕುವವಳು, ಟೈಲ್ಸ್ ಕೂರಿಸುವವನು, ಕಾರಿನ ಪಟ್ಟಿ ಒರೆಸುವವನು: ಇವರು ನಿಂತಿಲ್ಲವಲ್ಲ, ಮತ್ತೇನು ಬೇಕು? ಆದರೆ ಪೃಷ್ಠದ ಕೆಳಗೆ ಏನೂ ಇಲ್ಲದವನು ಕೂತಿಲ್ಲ. ಅವನು ಮಡಚಿಕೊಂಡು ನಿಂತಿದ್ದಾನೆ. ಮೈಯ ಭಾರ ಇನ್ನೂ ಅವನ ಕಾಲ ಮೇಲೆಯೇ ಇದೆ.

ಗಿರಾಕಿಯ ಆ ಚೇಷ್ಟೆಯಲ್ಲಿದ್ದ ಗುಟ್ಟೇನು ಎಂದು ಹುಡುಕುತ್ತಿದ್ದಾಗ ದೂರದ ಒಂದು ಕಥೆ ಉಪಯೋಗಕ್ಕೆ ಬಂತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೆಟಿಸ್, ಬೀಟ್ ಹೊಲಗಳ ಕೂಲಿಗಳಿಗೆ ಒಂದೆರಡು ಅಡಿ ಹಿಡಿಕೆಯ ಗಿಡ್ಡ ಗುದ್ದಲಿ ಕೊಡುತ್ತಿದ್ದರು. ಅವರು ಅದನ್ನು ಕರೆಯುತ್ತಿದ್ದದ್ದು 'ಎಲ್ ಕೊರ್ತಿತೊ', ಗಿಡ್ಡ ಎಂದು. ಅದನ್ನು ಹಿಡಿದವನು ದಿನವಿಡೀ ಸೊಂಟ ಮುರಿದು ಬಗ್ಗಿರಬೇಕು. ಉದ್ದ ಹಿಡಿಕೆ ಕೊಟ್ಟರೆ ಬೆಳೆ ಕೆಡುತ್ತದೆ ಎಂಬುದು ಹೊಲದವರ ವಾದ. ಒಳಗಿನ ಕಾರಣ ಬೇರೆಯೂ ಇತ್ತು: ಗಿಡ್ಡ ಗುದ್ದಲಿ ಇದ್ದರೆ ಮೇಸ್ತ್ರಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಬಗ್ಗಿದವನು ಕೆಲಸ ಮಾಡುತ್ತಿದ್ದಾನೆ, ನೆಟ್ಟಗೆ ನಿಂತವನು ಮಾಡುತ್ತಿಲ್ಲ. ಕೂಲಿಗಳ ಬೆನ್ನು ಹಾಳಾಗುವುದನ್ನು ವೈದ್ಯರು ತೋರಿಸಿಕೊಟ್ಟು, ಕೋರ್ಟಿನ ತನಕ ಹೋಗಿ, 1975ರಲ್ಲಿ ಅದು ಅಲ್ಲಿ ನಿಷೇಧವಾಯಿತು.

ನಮ್ಮ ಗಿರಾಕಿಯೂ ಅದೇ ಮೇಸ್ತ್ರಿ. ಅವನು ಕೊಟ್ಟ ದುಡ್ಡಿಗೆ ಹೊಳಪು ಬಂದರೆ ಸಾಲದು, ಕಷ್ಟವೂ ಕಾಣಬೇಕು. ನಾನೇನು ಬೇರೆಯಲ್ಲ. ಆಟೋದವನು ಸುಖವಾಗಿ ಒರಗಿ ಓಡಿಸಿದರೆ ಮೀಟರು ಹೆಚ್ಚೆನಿಸುತ್ತದೆ. ಬೆವರು ಒರೆಸಿಕೊಂಡು ಇಳಿದರೆ ಹತ್ತು ರೂಪಾಯಿ ಬಿಟ್ಟುಬಿಡುತ್ತೇನೆ. ಕೆಲಸದ ಬೆಲೆಯನ್ನು ಮಾಡುವವನ ಮೈಯ ಬಾಗಿನಲ್ಲಿ ಅಳೆಯುವ ಅಭ್ಯಾಸ ಇದು. ಇದಕ್ಕೆ ನಮ್ಮಲ್ಲಿ ಹಳೆಯ ಬೇರೂ ಇದೆ. ಗೌಡರ ಕಟ್ಟೆಯ ಮುಂದೆ ಯಾರು ಮೇಲೆ ಕೂರಬೇಕು, ಯಾರು ಕೆಳಗೆ ಕುಕ್ಕರಗಾಲಲ್ಲಿ ಕೂರಬೇಕು ಎಂಬುದು ಹುಟ್ಟಿನಿಂದ ಗೊತ್ತಾಗಿರುತ್ತಿತ್ತು. ಕುಕ್ಕರಗಾಲೆಂದರೆ ಕರೆದ ಕೂಡಲೇ ಏಳಲು ತಯಾರಾಗಿರುವ ಭಂಗಿ. ಅಂಬೇಡ್ಕರ್ ತಮ್ಮ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಶಾಲೆಯ ದಿನಗಳನ್ನು ಬರೆದಿದ್ದಾರೆ: ತರಗತಿಯಲ್ಲಿ ಬೇರೆಯಾಗಿ ಕೂರಲು ಅವರಿಗೊಂದು ಗೋಣಿತಟ್ಟು, ಶಾಲೆಯ ಜವಾನ ಅದನ್ನು ಮುಟ್ಟುವುದಿಲ್ಲ, ಆದ್ದರಿಂದ ಸಂಜೆ ಮನೆಗೆ ಒಯ್ದು ಮರುದಿನ ಮತ್ತೆ ತರಬೇಕು. ಕೂರುವ ಜಾಗ ಬರೀ ಸೊಂಟದ ಪ್ರಶ್ನೆಯಲ್ಲ ಎಂದು ಗೊತ್ತಿದ್ದವರಿಗೆ, ಒಂದು ಗೇಣಿನ ಮಣೆ ಆ ಗಿರಾಕಿಯ ಕಣ್ಣಿಗೆ ಯಾಕೆ ಅಷ್ಟು ಎತ್ತರವಾಗಿ ಕಂಡಿತು ಎಂಬುದು ಸೋಜಿಗವಲ್ಲ.

'ಕಾಯಕ ಅಂದಮ್ಯಾಲ ತ್ರಾಸ ಇರೂದ' ಎಂದು ಅಣ್ಣ ಒಮ್ಮೆ ಅಂದದ್ದುಂಟು. ನಾನು ಪ್ರಬಂಧದಲ್ಲಿ ಬರೆದದ್ದೂ ಹೆಚ್ಚುಕಡಿಮೆ ಅದನ್ನೇ, ಉದ್ದದ ವಾಕ್ಯಗಳಲ್ಲಿ. ಕಷ್ಟಕ್ಕೂ ಪಾವಿತ್ರ್ಯಕ್ಕೂ ನಂಟಿದೆ ಎಂಬ ನಂಬಿಕೆ ನಮ್ಮ ಗುಡ್ಡದಲ್ಲೇ ದಿನಾ ಕಾಣುತ್ತದೆ. ಹರಕೆ ಹೊತ್ತವರು ದೀಡ ನಮಸ್ಕಾರ ಹಾಕುತ್ತ ಬರುತ್ತಾರೆ: ಒದ್ದೆ ಬಟ್ಟೆಯಲ್ಲಿ, ನೆಲಕ್ಕೆ ಪೂರ್ತಿ ಮೈ ಚಾಚಿ ಬಿದ್ದು, ಎದ್ದು, ಮತ್ತೆ ಬಿದ್ದು. ನನ್ನ ತಾಯಿಯೂ ಒಮ್ಮೆ ಹಾಕಿದ್ದಳು. ಮೊಣಕೈ ತರಚಿ ಅರಿಷಿಣ ಹಚ್ಚಿಕೊಂಡಿದ್ದಳು, ಮುಖದಲ್ಲಿ ಮಾತ್ರ ನಾನು ಮುಂದೆ ಎಂದೂ ಕಾಣದ ಸಮಾಧಾನ. ಆ ನೋವನ್ನು ಅಣಕಿಸುವ ಧೈರ್ಯ ನನಗಿಲ್ಲ. ಆದರೆ ಅದು ಅವಳೇ ಹೊತ್ತ ಹರಕೆ. ಸಾಕೆನಿಸಿದರೆ ಎದ್ದು ನಡೆಯಬಹುದಿತ್ತು. ಏಳದೇ ಇದ್ದದ್ದರಿಂದಲೇ ಅದಕ್ಕೆ ಅರ್ಥ ಬಂತು. ಅದೇ ಗುಡ್ಡದ ಬುಡದಲ್ಲಿ ಕಾಕಾ ಕಾರಿನ ಕೆಳಗೆ ಮೈ ಚಾಚಿದ್ದಕ್ಕೆ ಹರಕೆಯ ಹೆಸರಿಡುವುದು ನಮ್ಮ ಕಳ್ಳತನ. 'ಕಾಯಕ' ಎಂಬ ಮಾತಿನೊಳಗೆ 'ಕಾಯ' ಇದೆ. ಕಾಯವನ್ನು ಸವೆಸಿ ಕಾಯಕ ಉಳಿಸಿಕೊಳ್ಳುತ್ತೇವೆ ಎಂಬುದು ಕೆಲಸ ಮಾಡಿಸುವವರ ವ್ಯಾಖ್ಯಾನ ಇರಬೇಕು, ಮಾಡುವವರದ್ದಲ್ಲ.

ಇಲ್ಲಿ ಒಂದು ಅನುಮಾನವನ್ನು ಮುಚ್ಚಿಡಬಾರದು. ಮಣೆ ಕೊಟ್ಟರೆ ಮುಗಿಯಿತೇ? ಅದರ ಮೇಲೆ ಎರಡು ತಾಸು ಕೂತರೆ ಅದೂ ಚುಚ್ಚುತ್ತದೆ. ಮೈಗೆ ಹಿತವಾದ ಒಂದೇ ಭಂಗಿ ಎಂಬುದು ಇಲ್ಲ. ಒಂದರಿಂದ ಇನ್ನೊಂದಕ್ಕೆ ಸರಿಯುವುದೇ ಹಿತ. ಸ್ವಲ್ಪ ಹೊತ್ತು ಮಣೆ, ಸ್ವಲ್ಪ ಹೊತ್ತು ಒಂದೇ ಮೊಣಕಾಲೂರಿ ಅದರ ಕೆಳಗೆ ದಪ್ಪ ತಟ್ಟು, ಚಕ್ರದ ಒಳಬದಿಗೆ ಮಾತ್ರ ಮಲಗುವುದು, ನಡುನಡುವೆ ಎದ್ದು ಮೇಲಿನ ಕೆಲಸ. ದೊಡ್ಡ ಊರಿನ ಸರ್ವಿಸ್ ಸ್ಟೇಷನ್ನುಗಳಲ್ಲಿ ಕಾರನ್ನೇ ಲಿಫ್ಟಿನಿಂದ ಎತ್ತುತ್ತಾರೆ, ಕೆಳಗಿನ ಪಟ್ಟಿ ಎದೆಯ ಮಟ್ಟಕ್ಕೆ ಬರುತ್ತದೆ. ಅಲ್ಲಿಯೂ ಎತ್ತಿದ್ದು ಮನುಷ್ಯನ ಬೆನ್ನಿನ ಮೇಲಿನ ಕರುಣೆಯಿಂದಲೋ, ದಿನಕ್ಕೆ ನಾಲ್ಕು ಗಾಡಿ ಹೆಚ್ಚು ಹೊರಡಲಿ ಎಂದೋ, ಹೇಳುವುದು ಕಷ್ಟ. ಬೆನ್ನಿಗೆ ಕಾರಣ ಬೇಕಿಲ್ಲ, ನಿಜ. ಆದರೂ ಯಾವಾಗ ಸರಿಯಬೇಕು ಎಂದು ತೀರ್ಮಾನಿಸುವವನು ಯಾರು ಎಂಬುದು ಉಳಿಯುತ್ತದೆ. ಕಾಕಾನ ಮಣೆಯಲ್ಲಿ ನನಗೆ ದೊಡ್ಡದೆನಿಸುವುದು ಗಾಲಿಯಲ್ಲ, ಹಲಗೆಯಲ್ಲ. ಅದನ್ನು ಅವರು ಯಾರನ್ನೂ ಕೇಳದೆ ಮಾಡಿಕೊಂಡು ಬಂದಿದ್ದರು ಎಂಬುದು. ಬಹುಶಃ ಅಣ್ಣನಿಗೂ ಚುಚ್ಚಿದ್ದು ಅದೇ.

ಆ ವರ್ಷದ ಜಾತ್ರೆ ಮುಗಿದ ಮೇಲೆ ಕಾಕಾ ಬರಲಿಲ್ಲ. ಊರಿಗೆ ಹೋದರು ಎಂದರು. ಯಾವ ಊರು ಎಂದು ನಾನು ಕೇಳಿರಲಿಲ್ಲ. ರಾಮದುರ್ಗದ ಕಡೆ ಎಂಬಷ್ಟೇ ಗೊತ್ತು.

ಭಾನುವಾರ ಅರ್ಧ ಕೆಲಸ ಬಿಟ್ಟು, ಕಾರು ತೆಗೆದುಕೊಂಡು ಅಣ್ಣನ ಅಂಗಡಿಗೇ ಹೋದೆ. ಈಗ ಅಂಗಳ ದೊಡ್ಡದಾಗಿದೆ, ಮೇಲೆ ಬೋರ್ಡಿದೆ, ನಾಲ್ಕು ಹುಡುಗರಿದ್ದಾರೆ. ಅಣ್ಣನ ಎರಡೂ ಮೊಣಕಾಲಿಗೆ ಪಟ್ಟಿ. ಕುರ್ಚಿಯಿಂದ ಏಳುವಾಗ ಮೇಜು ಹಿಡಿಯುತ್ತಾನೆ. ಅಂಗಳದಲ್ಲಿ ಮೂರು ಕೆಂಪು ಪ್ಲಾಸ್ಟಿಕ್ ಸ್ಟೂಲುಗಳು ಕಂಡವು, ಕೆಳಗೆ ಗಾಲಿ, ಪಕ್ಕಕ್ಕೆ ಬ್ರಷ್ ಇಡುವ ತಟ್ಟೆ. ಆನ್‌ಲೈನಿನಲ್ಲಿ ತರಿಸಿದ್ದಂತೆ. 'ಹುಡುಗರು ನಿಲ್ಲಬೇಕಲ್ಲೋ' ಎಂದ, ಕೆಲಸ ಬಿಟ್ಟು ಹೋಗಬಾರದಲ್ಲ ಎಂಬ ಅರ್ಥದಲ್ಲಿ. ಕಾಕಾನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನನ್ನ ಕಾರು ಒಳಗೆ ಬಂದಾಗ ಎಲ್ಲರಿಗಿಂತ ಸಣ್ಣ ಹುಡುಗ ಒಂದು ಸ್ಟೂಲಿನ ಮೇಲೆ ಕೂತು ಯಾರದೋ ಜೀಪಿನ ಬಂಪರ್ ಒರೆಸುತ್ತಿದ್ದ. ಹಾರ್ನ್ ಕೇಳಿ ತಟ್ಟನೆ ಎದ್ದ, ಸ್ಟೂಲನ್ನು ಕಾಲಿನಿಂದ ಜೀಪಿನಡಿ ನೂಕಿದ, ನನ್ನ ಕಾರಿನ ಬಾಗಿಲ ಬಳಿ ಬಂದು ಕುಕ್ಕರಗಾಲಲ್ಲಿ ಕೂತ.

'ಅದರ ಮ್ಯಾಲ ಕುಂದ್ರಪಾ' ಎಂದೆ.

'ಇರ್ಲಿ ಬಿಡ್ರಿ ಸರ, ಐದು ಮಿನಿಟಿಂದ ಕೆಲಸಾ' ಎಂದ.

ಅಷ್ಟರಲ್ಲಿ ಅಣ್ಣ ಒಳಗಿನಿಂದ ನನಗೊಂದು ಕುರ್ಚಿ ತರಿಸಿದ. ಕೂತೆ.